ಕಂಪ್ಯೂಟರ್ ಎದುರಾಳಿ ನಿಮ್ಮಿಂದ ಕಲಿಯುತ್ತಿದೆಯೇ? ಫೈಟಿಂಗ್ ಗೇಮ್ ಆಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಇಬ್ಬರು ಹೋರಾಟಗಾರರು ಎದುರುಬದುರು ನಿಂತು ಸೆಣಸುವ ಫೈಟಿಂಗ್ ಗೇಮ್ ಆಡುವವರಿಗೆ ಒಂದಲ್ಲ ಒಂದು ದಿನ ಈ ಅನುಮಾನ ಬಂದೇ ಬರುತ್ತದೆ. ನಿನ್ನೆಯವರೆಗೆ ಸಲೀಸಾಗಿ ತಗಲುತ್ತಿದ್ದ ಒದೆತ ಇಂದು ಪ್ರತಿಸಲವೂ ಬ್ಲಾಕ್ ಆಗುತ್ತಿದೆ. ಹಾರಿದರೆ ಗಾಳಿಯಲ್ಲೇ ಪೆಟ್ಟು ಕಾದಿರುತ್ತದೆ. ಹತ್ತಿರ ಹೋದರೆ ಎತ್ತಿ ಎಸೆಯುತ್ತದೆ. ‘ಇದು ನನ್ನ ಆಟವನ್ನು ಕಲಿತುಬಿಟ್ಟಿದೆ’ ಎಂದು ಅನ್ನಿಸದಿದ್ದರೆ ಆಶ್ಚರ್ಯ. ಬಹುಪಾಲು ಸಂದರ್ಭಗಳಲ್ಲಿ ಈ ಅನುಮಾನ ತಪ್ಪು. ಆದರೆ ಕೆಲವು ಆಟಗಳಲ್ಲಿ ಅದು ನೂರಕ್ಕೆ ನೂರು ನಿಜ, ತಯಾರಕರೇ ಹಾಗೆಂದು ಹೇಳಿಕೊಂಡಿದ್ದಾರೆ. ನಿಮ್ಮ ಮುಂದಿರುವ ಆಟ ಯಾವ ಗುಂಪಿಗೆ ಸೇರಿದ್ದು ಎಂಬುದನ್ನು ಯಾರ ಮಾತನ್ನೂ ನಂಬದೆ ನೀವೇ ಪರೀಕ್ಷಿಸಿ ನೋಡಬಹುದು. ಮೊದಲ ಐದು ಹೆಜ್ಜೆಗಳು ಅದಕ್ಕೆ. ಆರನೆಯದು ಕಲಿಯುವ ಎದುರಾಳಿಯನ್ನು ಪಳಗಿಸುವವರಿಗೆ, ಏಳನೆಯದು ಸ್ವತಃ ಒಂದನ್ನು ಕಟ್ಟಬೇಕೆನ್ನುವವರಿಗೆ. ಕೋಡ್ ಬರೆಯುವ ಆಸಕ್ತಿ ಇಲ್ಲದವರು ಆರಕ್ಕೇ ನಿಲ್ಲಿಸಬಹುದು.

ಹೆಜ್ಜೆ 1: ಯಾವುದನ್ನು ಕಲಿಕೆ ಎನ್ನಬೇಕೆಂದು ತೀರ್ಮಾನಿಸಿ

ಎದುರಾಳಿ ಚುರುಕಾಗಿ ಕಾಣುವುದಕ್ಕೆ ನಾಲ್ಕು ಕಾರಣಗಳಿರಬಹುದು. ನಾಲ್ಕರಲ್ಲಿ ಒಂದು ಮಾತ್ರ ಕಲಿಕೆ.

ಒಂದು, ಮೊದಲೇ ಬರೆದಿಟ್ಟ ನಿಯಮ ಮತ್ತು ದಾಳ. ‘ಆಟಗಾರ ಹಾರಿದರೆ ನೂರಕ್ಕೆ ಅರವತ್ತು ಸಲ ಮೇಲ್ಮುಖ ಹೊಡೆತ, ಉಳಿದ ಸಲ ಬ್ಲಾಕ್’ ಎಂಬಂಥ ಸಾಲುಗಳ ದೊಡ್ಡ ಪಟ್ಟಿ ಅದು. ಇಂಥ ಎದುರಾಳಿಗೆ ನಿಮ್ಮ ನೆನಪು ಒಂದಿಷ್ಟೂ ಇರುವುದಿಲ್ಲ. ಆದರೆ ದಾಳಕ್ಕೆ ತನ್ನದೇ ಚೇಷ್ಟೆ ಇದೆ: ನೂರಕ್ಕೆ ಅರವತ್ತು ಸಲ ಆಗುವ ಸಂಗತಿ ಸತತ ಐದು ಸಲ ಆಗುವ ಸಾಧ್ಯತೆ ನೂರಕ್ಕೆ ಸುಮಾರು 8. ಒಂದೇ ಬೈಠಕ್ಕಿನಲ್ಲಿ ಹತ್ತಾರು ಸಲ ಹಾರುವವರಿಗೆ ಅಂಥ ಸರಣಿ ಎದುರಾಗುವುದು ಸಹಜ, ಆಗ ಅದು ಸಂಚಿನಂತೆ ಕಾಣುತ್ತದೆ.

ಎರಡು, ಇನ್‌ಪುಟ್ ಓದುವುದು. ನೀವು ಬಟನ್ ಒತ್ತಿದ್ದು ಪರದೆಯಲ್ಲಿ ಕಾಣುವ ಮೊದಲೇ ಪ್ರೋಗ್ರಾಮ್‌ಗೆ ಗೊತ್ತಿರುತ್ತದೆ. ಆ ಮಾಹಿತಿಯನ್ನು ಎದುರಾಳಿಯ ಕೈಗೆ ಕೊಟ್ಟರೆ ಸಾಕು, ಅದು ಮನಸ್ಸನ್ನೇ ಓದಿದಂತೆ ಆಡುತ್ತದೆ. ಹಳೆಯ ಆರ್ಕೇಡ್ ಆಟಗಳು ಈ ವಿಷಯದಲ್ಲಿ ನಾಚಿಕೆಗೆಟ್ಟವು. 1993ರ ಮಾರ್ಟಲ್ ಕಾಂಬ್ಯಾಟ್ 2ರ ಎದುರಾಳಿಗಳು ಇದಕ್ಕೇ ಕುಖ್ಯಾತ. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಇನ್ನೊಂದು ಬಗೆಯ ಮೋಸವೂ ಇತ್ತು: ಗೈಲ್ ಪಾತ್ರದಲ್ಲಿ ಆಡುವ ಮನುಷ್ಯ ಸೋನಿಕ್ ಬೂಮ್ ಎಂಬ ದೂರದ ಅಸ್ತ್ರವನ್ನು ಎಸೆಯಬೇಕಾದರೆ ಜಾಯ್‌ಸ್ಟಿಕ್ ಕಡ್ಡಿಯನ್ನು ಸ್ವಲ್ಪ ಹೊತ್ತು ಹಿಂದಕ್ಕೆ ಹಿಡಿದಿರಲೇಬೇಕು, ಕಂಪ್ಯೂಟರ್ ಆಡಿಸುವ ಗೈಲ್ ಮಾತ್ರ ಮುಂದಕ್ಕೆ ನಡೆಯುತ್ತಲೇ ಎಸೆಯುತ್ತಾನೆ. ಇದು ಜಾಣತನವಲ್ಲ, ರಿಯಾಯಿತಿ.

ಮೂರು, ಕಠಿಣತೆಯ ಹೊಂದಾಣಿಕೆ. ನೀವು ಗೆದ್ದಂತೆ ಪೆಟ್ಟಿನ ಪ್ರಮಾಣ, ಬ್ಲಾಕ್ ಮಾಡುವ ಸಾಧ್ಯತೆ, ಎದುರಾಳಿಯ ವೇಗ ಏರುತ್ತವೆ, ಸೋತಂತೆ ಇಳಿಯುತ್ತವೆ. ಇಲ್ಲಿ ಬದಲಾವಣೆ ನಿಜವಾಗಿಯೂ ಇದೆ, ನಿಮ್ಮ ಫಲಿತಾಂಶವೇ ಅದಕ್ಕೆ ಕಾರಣವೂ ಹೌದು. ಆದರೆ ನೀವು ಹೇಗೆ ಆಡುತ್ತೀರಿ ಎಂಬುದು ಅದಕ್ಕೆ ತಿಳಿದಿಲ್ಲ, ಗೆದ್ದಿರಿ ಎಂಬುದಷ್ಟೇ ತಿಳಿದಿದೆ.

ನಾಲ್ಕನೆಯದು ಕಲಿಕೆ. ಇಲ್ಲಿ ಮೂರು ಗುರುತುಗಳಿರಬೇಕು. ನಿಮ್ಮ ಹಿಂದಿನ ಆಟದಿಂದ ಅದರ ಮುಂದಿನ ಆಯ್ಕೆ ಬದಲಾಗಬೇಕು. ಆ ಬದಲಾವಣೆ ನಿಮ್ಮ ಅಭ್ಯಾಸಕ್ಕೆ ತಕ್ಕಂತೆ ಇರಬೇಕು, ಎಲ್ಲದರಲ್ಲೂ ಒಂದೇ ಸಮನೆ ಏರಿದರೆ ಸಾಲದು. ಬದಲಾವಣೆ ಸ್ವಲ್ಪ ಕಾಲವಾದರೂ ಉಳಿಯಬೇಕು. ಎರಡನೆಯ ಗುರುತೇ ನಮ್ಮ ಇಡೀ ಪರೀಕ್ಷೆಯ ಬೆನ್ನೆಲುಬು.

ಹೆಜ್ಜೆ 2: ಬದಲಾಗುವುದನ್ನೆಲ್ಲ ಕಟ್ಟಿಹಾಕಿ

ಒಂದೇ ಪಾತ್ರ, ಒಂದೇ ಎದುರಾಳಿ, ಒಂದೇ ವೇದಿಕೆ, ಒಂದೇ ಕಠಿಣತೆ. ಸ್ಟೋರಿ ಮೋಡ್ ಮತ್ತು ಆರ್ಕೇಡ್ ಮೋಡ್ ಬೇಡ, ಅಲ್ಲಿ ಮುಂದೆ ಹೋದಂತೆ ಎದುರಾಳಿ ತಾನಾಗಿಯೇ ಗಟ್ಟಿಯಾಗುತ್ತದೆ. ಬಿಡಿ ಪಂದ್ಯಗಳ ವರ್ಸಸ್ ಮೋಡ್‌ನಲ್ಲಿ ಸಿಪಿಯು (ಕಂಪ್ಯೂಟರ್ ಆಡಿಸುವ) ಎದುರಾಳಿಯನ್ನು ಆರಿಸಿಕೊಳ್ಳಿ, ರೌಂಡುಗಳ ಸಂಖ್ಯೆಯನ್ನು ಗರಿಷ್ಠಕ್ಕೆ ಇಡಿ. ಸಾಧ್ಯವಾದರೆ ಹೊಸ ಬಳಕೆದಾರ ಖಾತೆ ತೆರೆಯಿರಿ, ಹಳೆಯ ಖಾತೆಯಲ್ಲಿ ಈಗಾಗಲೇ ಏನಾದರೂ ದಾಖಲಾಗಿರಬಹುದು. ಪರದೆಯನ್ನು ಸೆಕೆಂಡಿಗೆ 60 ಫ್ರೇಮ್‌ನಂತೆ, ಅಂದರೆ 60 ಬಿಡಿ ಚಿತ್ರಗಳಂತೆ, ರೆಕಾರ್ಡ್ ಮಾಡುವ ವ್ಯವಸ್ಥೆ ಇರಲಿ. 30 ಫ್ರೇಮ್‌ನ ರೆಕಾರ್ಡಿಂಗ್ ಮುಂದಿನ ಹೆಜ್ಜೆಗೆ ಉಪಯೋಗಕ್ಕೆ ಬಾರದು. ಪಕ್ಕದಲ್ಲಿ ಕಾಗದ, ಪೆನ್ನು ಇಟ್ಟುಕೊಳ್ಳಿ. ಇಂಥ ವಿಷಯದಲ್ಲಿ ನೆನಪಿನ ಮೇಲೆ ಭರವಸೆ ಇಟ್ಟವರು ತಮಗೆ ಬೇಕಾದ ಉತ್ತರವನ್ನೇ ಕಂಡುಕೊಳ್ಳುತ್ತಾರೆ.

ಹೆಜ್ಜೆ 3: ಪ್ರತಿಕ್ರಿಯೆಯ ಫ್ರೇಮ್‌ಗಳನ್ನು ಎಣಿಸಿ

ಬಹುತೇಕ ಫೈಟಿಂಗ್ ಗೇಮ್‌ಗಳು ಸೆಕೆಂಡಿಗೆ 60 ಫ್ರೇಮ್‌ಗಳಲ್ಲಿ ಓಡುತ್ತವೆ. ಅಂದರೆ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್. ಕಣ್ಣಿಗೆ ಕಂಡದ್ದಕ್ಕೆ ಮನುಷ್ಯನ ಬೆರಳು ಸ್ಪಂದಿಸಲು ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕು, ಅಂದರೆ 12ರಿಂದ 15 ಫ್ರೇಮ್. ಅದೂ ಏನು ಬರುತ್ತದೆಂದು ಕಾದು ಕುಳಿತಿದ್ದಾಗ. ನಾಲ್ಕೈದು ಸಾಧ್ಯತೆಗಳ ನಡುವೆ ಆಯ್ಕೆ ಮಾಡಬೇಕಾದರೆ ಇನ್ನೂ ತಡವಾಗುತ್ತದೆ.

ಎದುರಾಳಿಯಿಂದ ದೂರ ನಿಂತು ನಿಮ್ಮ ಪಾತ್ರದಿಂದ ಬೆಂಕಿಯುಂಡೆಯನ್ನೋ ಅಂಥದೇ ಇನ್ನೊಂದು ದೂರದ ಅಸ್ತ್ರವನ್ನೋ ಎಸೆಯಿರಿ. ಇಪ್ಪತ್ತು ಸಲ ಎಸೆದು, ರೆಕಾರ್ಡಿಂಗ್ ಅನ್ನು ಫ್ರೇಮ್ ಫ್ರೇಮ್ ಆಗಿ ಸರಿಸುತ್ತ ನೋಡಿ. ನಿಮ್ಮ ಪಾತ್ರದ ಮೈ ಮೊದಲು ಅಲುಗಿದ ಫ್ರೇಮ್ ಸೊನ್ನೆ. ಎದುರಾಳಿಯ ಮೈ ಬದಲಾದ ಫ್ರೇಮ್‌ವರೆಗೆ ಎಣಿಸಿ ಬರೆದುಕೊಳ್ಳಿ. ಟಿವಿಯ ವಿಳಂಬದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ; ಎರಡೂ ಪಾತ್ರಗಳು ಒಂದೇ ಚಿತ್ರದಲ್ಲಿರುವುದರಿಂದ ಅವುಗಳ ನಡುವಿನ ಅಂತರ ಕೆಡುವುದಿಲ್ಲ.

ಒಂದೆರಡು ಸಲ ಎರಡನೆಯ ಫ್ರೇಮ್‌ನಲ್ಲೇ ಹಾರಿದರೆ ಅದಕ್ಕೆ ಅರ್ಥವಿಲ್ಲ, ಅದು ಹೇಗೂ ಹಾರಲಿದ್ದಿರಬಹುದು. ಇಪ್ಪತ್ತರಲ್ಲಿ ಹದಿನೈದು ಸಲ ಸಂಖ್ಯೆ ಒಂದೇ ಕಡೆ ಗುಂಪುಗಟ್ಟಿದ್ದರೆ ಅದು ನಿಮಗೆ ಕೊಟ್ಟ ಉತ್ತರ. ಆ ಗುಂಪು 1ರಿಂದ 5 ಫ್ರೇಮ್‌ಗಳ ಒಳಗಿದ್ದರೆ, ಬೆಂಕಿಯುಂಡೆ ಪಾತ್ರದ ಕೈಯಿಂದ ಹೊರಬೀಳುವ ಮೊದಲೇ ಎದುರಾಳಿ ನೆಗೆದಿರುತ್ತದೆ. ಇನ್‌ಪುಟ್ ಓದುವ ಎದುರಾಳಿ ಎಂದರೆ ಇದೇ. 15ರ ಆಸುಪಾಸಿನಲ್ಲಿದ್ದರೆ ವಿನ್ಯಾಸಕರು ಬೇಕೆಂದೇ ವಿಳಂಬ ಸೇರಿಸಿದ್ದಾರೆ. ಸಂಖ್ಯೆಗಳು ಎಲ್ಲೆಂದರಲ್ಲಿ ಚೆಲ್ಲಿಕೊಂಡಿದ್ದರೆ ಎದುರಾಳಿ ನಿಮ್ಮನ್ನು ನೋಡುತ್ತಲೇ ಇಲ್ಲ, ತನ್ನ ಪಾಡಿಗೆ ತಾನು ಆಡುತ್ತಿದೆ.

ಇನ್‌ಪುಟ್ ಓದುವುದು ಸಾಬೀತಾದ ಮಾತ್ರಕ್ಕೆ ಕಲಿಕೆ ಇಲ್ಲವೆಂದಾಗುವುದಿಲ್ಲ. ಎರಡೂ ಒಟ್ಟಿಗೆ ಇರಬಹುದು. ಆದರೆ ‘ನನ್ನನ್ನು ಕಲಿತುಬಿಟ್ಟಿದೆ’ ಎನ್ನುವ ದೂರುಗಳಲ್ಲಿ ದೊಡ್ಡ ಪಾಲು ಇಲ್ಲಿಗೇ ಇತ್ಯರ್ಥವಾಗುತ್ತದೆ.

ಹೆಜ್ಜೆ 4: ಅಭ್ಯಾಸ ಹಿಡಿಸಿ, ಆಮೇಲೆ ಕೈಕೊಡಿ

ಮಾರ್ಗದರ್ಶಿಯ ತಿರುಳು ಇದು, ನಿಧಾನವಾಗಿ ಓದಿ.

ಬಹುತೇಕ ಎರಡು ಆಯಾಮದ ಫೈಟಿಂಗ್ ಗೇಮ್‌ಗಳಲ್ಲಿ ಒಂದು ಸುಂದರವಾದ ಇಬ್ಬಂದಿ ಇದೆ. ಕಾಲಬುಡಕ್ಕೆ ಬೀಸುವ ಒದೆತವನ್ನು ಕುಕ್ಕರಗಾಲಿನಲ್ಲಿ ಬ್ಲಾಕ್ ಮಾಡಬೇಕು, ತಲೆಯ ಮೇಲಿನಿಂದ ಇಳಿಯುವ ಹೊಡೆತವನ್ನು ನಿಂತೇ ಬ್ಲಾಕ್ ಮಾಡಬೇಕು. ಒಂದಕ್ಕೆ ಸಿದ್ಧವಾದವನು ಇನ್ನೊಂದಕ್ಕೆ ತೆರೆದುಕೊಂಡಿರುತ್ತಾನೆ. ಹಾಗಾಗಿ ಎದುರಾಳಿ ನಿಮ್ಮಿಂದ ಏನನ್ನು ನಿರೀಕ್ಷಿಸುತ್ತಿದೆ ಎಂಬುದು ಅದರ ಬ್ಲಾಕ್‌ನಲ್ಲೇ ಕಾಣುತ್ತದೆ.

ಎದುರಾಳಿಯನ್ನು ಕೆಡವಿ, ಅದು ಏಳುವ ಕ್ಷಣದಲ್ಲಿ ಮಾತ್ರ ಪ್ರಯೋಗ ಮಾಡಿ. ಉಳಿದ ಸಮಯದಲ್ಲಿ ಹೇಗಾದರೂ ಆಡಿ. ಮೊದಲು, ಏಳುವಾಗ ಇಪ್ಪತ್ತು ಸಲ ಕಾಲೊದೆತ ಮತ್ತು ಇಪ್ಪತ್ತು ಸಲ ಮೇಲಿನ ಹೊಡೆತ ಕೊಡಿ, ಎರಡನ್ನೂ ಕ್ರಮವಿಲ್ಲದೆ ಬೆರೆಸಿ. ಎಷ್ಟೆಷ್ಟು ಬ್ಲಾಕ್ ಆದವೆಂದು ಬರೆದುಕೊಳ್ಳಿ. ಇದು ಆರಂಭದ ಅಳತೆ.

ಎರಡನೆಯ ಹಂತದಲ್ಲಿ ಎದುರಾಳಿ ಏಳುವಾಗಲೆಲ್ಲ ಕಾಲೊದೆತ ಮಾತ್ರ. ಐವತ್ತು, ಅರವತ್ತು ಸಲ, ಬೇಸರ ಬರುವವರೆಗೆ. ಅದರ ಕೊನೆಯ ಇಪ್ಪತ್ತನ್ನು ಎಣಿಸಿ. ಆಮೇಲೆ ಯಾವ ಸೂಚನೆಯೂ ಇಲ್ಲದೆ ಮೇಲಿನ ಹೊಡೆತಕ್ಕೆ ತಿರುಗಿ, ಮೊದಲ ಹತ್ತನ್ನು ಎಣಿಸಿ. ಹತ್ತಕ್ಕಿಂತ ಹೆಚ್ಚು ಎಣಿಸಬೇಡಿ, ಏಕೆಂದರೆ ಅಷ್ಟರಲ್ಲಿ ನೀವು ಹೊಸ ಪಾಠ ಹೇಳಿಕೊಡಲು ಶುರುಮಾಡಿರುತ್ತೀರಿ.

ಈಗ ಅಂಕಿಗಳನ್ನು ಓದೋಣ. ಎರಡೂ ಬಗೆಯ ಹೊಡೆತಗಳ ಬ್ಲಾಕ್ ಪ್ರಮಾಣ ಮೊದಲಿನಂತೆಯೇ ಇದ್ದರೆ ಅದು ದಾಳ ಉರುಳಿಸುವ ಎದುರಾಳಿ. ಎರಡೂ ಮೊದಲಿನಿಂದಲೇ ಬಹಳ ಹೆಚ್ಚಿದ್ದರೆ ಇನ್‌ಪುಟ್ ಓದುವ ಎದುರಾಳಿ. ನೀವು ಏನು ಒತ್ತಿದ್ದೀರೆಂದು ನೋಡಿಯೇ ನಿಲ್ಲಬೇಕೋ ಕೂರಬೇಕೋ ಎಂದು ತೀರ್ಮಾನಿಸುತ್ತಿದೆ. ಎರಡೂ ಒಟ್ಟಿಗೆ ಏರಿದ್ದರೆ ಕಠಿಣತೆ ಏರಿದೆ. ಕಾಲೊದೆತದ ಬ್ಲಾಕ್ ಏರಿ, ಮೇಲಿನ ಹೊಡೆತದ ಬ್ಲಾಕ್ ಆರಂಭದ ಅಳತೆಗಿಂತ ಕೆಳಗೆ ಇಳಿದಿದ್ದರೆ ಮಾತ್ರ ಎದುರಾಳಿ ನಿಮ್ಮಿಂದ ಕಲಿತಿದೆ.

ಕೊನೆಯ ಸಾಲನ್ನು ಜನ ಸಾಮಾನ್ಯವಾಗಿ ಗಮನಿಸುವುದಿಲ್ಲ. ಕಲಿಕೆಯ ಪುರಾವೆಯನ್ನು ಎಲ್ಲರೂ ಎದುರಾಳಿಯ ಗೆಲುವಿನಲ್ಲಿ ಹುಡುಕುತ್ತಾರೆ. ಅದು ಸಿಗುವುದು ಎದುರಾಳಿಯ ಸೋಲಿನಲ್ಲಿ. ನಿಮ್ಮನ್ನು ನಂಬಿ ಕುಕ್ಕರಗಾಲಿನಲ್ಲಿ ಕುಳಿತದ್ದಕ್ಕೆ ತಲೆಯ ಮೇಲೆ ಪೆಟ್ಟು ತಿಂದಿತಲ್ಲ, ಆ ನಿರೀಕ್ಷೆ ನಿಮ್ಮ ಹಿಂದಿನ ಆಟದಿಂದಲ್ಲದೆ ಬೇರೆಲ್ಲಿಂದಲೂ ಬರಲು ಸಾಧ್ಯವಿರಲಿಲ್ಲ.

ಅಂಕಿಗಳಲ್ಲಿ ಸ್ವಲ್ಪ ಎಚ್ಚರ ಬೇಕು. ಇಪ್ಪತ್ತರಲ್ಲಿ 9 ಇದ್ದದ್ದು 11 ಆದರೆ ಅದು ಬರೀ ಗದ್ದಲ. ಇಪ್ಪತ್ತರಲ್ಲಿ 6 ಇದ್ದದ್ದು 14 ಆದರೆ ಅದೃಷ್ಟವೊಂದರಿಂದಲೇ ಅಷ್ಟು ಅಂತರ ಬರುವುದು ಅಪರೂಪ. ಅನುಮಾನ ಉಳಿದರೆ ಖಾತೆಯನ್ನು ಅಳಿಸಿ, ಹೊಡೆತಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ನಡೆಸಿ: ಈ ಸಲ ಮೇಲಿನ ಹೊಡೆತದ ಅಭ್ಯಾಸ ಹಿಡಿಸಿ, ಕಾಲೊದೆತದಿಂದ ಕೈಕೊಡಿ. ಫಲಿತಾಂಶವೂ ಅದಲುಬದಲಾಗಿ ಬಂದರೆ ಇನ್ನು ವಾದಕ್ಕೆ ಜಾಗವಿಲ್ಲ. ಮೂರು ಆಯಾಮದ ಆಟವಾದರೆ ಥ್ರೋ (ಬ್ಲಾಕ್ ಮಾಡಿದವನನ್ನೂ ಹಿಡಿದು ಎಸೆಯುವುದು) ಮತ್ತು ಹೊಡೆತದ ಜೋಡಿಯನ್ನು ಬಳಸಿ ಇದನ್ನೇ ಮಾಡಬಹುದು.

ಹೆಜ್ಜೆ 5: ನೆನಪು ಎಲ್ಲಿದೆ ಎಂದು ಹುಡುಕಿ

ಕಲಿಕೆ ಖಚಿತವಾದರೆ ಆಟವನ್ನು ಮುಚ್ಚಿ ಮತ್ತೆ ತೆರೆದು ಕೊನೆಯ ಅಳತೆಯನ್ನು ಪುನಃ ತೆಗೆದುಕೊಳ್ಳಿ. ನೆನಪು ಅಳಿಸಿಹೋಗಿದ್ದರೆ ಅದು ಪಂದ್ಯದ ಮಟ್ಟಿಗಿನ ಕಲಿಕೆ. ಉಳಿದಿದ್ದರೆ ಖಾತೆ ಬದಲಿಸಿ ನೋಡಿ, ಆಮೇಲೆ ಪಾತ್ರ ಬದಲಿಸಿ ನೋಡಿ, ಕೊನೆಗೆ ಇಂಟರ್ನೆಟ್ ಸಂಪರ್ಕ ಕಡಿದು ನೋಡಿ. ಸಂಪರ್ಕ ಕಡಿದಾಗ ಜಾಣತನವೂ ಮಾಯವಾದರೆ ದತ್ತಾಂಶ ತಯಾರಕರ ಸರ್ವರ್‌ನಲ್ಲಿದೆ.

ಹೆಜ್ಜೆ 6: ಕಲಿಯುತ್ತದೆಂದು ಗೊತ್ತಿದ್ದರೆ, ಕೆಡಿಸದೆ ಕಲಿಸಿ

ಪರೀಕ್ಷೆಯ ಅಗತ್ಯವೇ ಇಲ್ಲದ ಆಟಗಳೂ ಇವೆ. ಪ್ಲೇಸ್ಟೇಷನ್ 2ರಲ್ಲಿ 2002ರಲ್ಲಿ ಬಂದ ವರ್ಚುವಾ ಫೈಟರ್ 4ರಲ್ಲಿ, ಪಾಠ ಹೇಳಿ ಬೆಳೆಸುವ ಕೃತಕ ಹೋರಾಟಗಾರನಿಗಾಗಿಯೇ ಒಂದು ಮೋಡ್ ಇತ್ತು. ಅದರ ಮುಂದಿನ ಆವೃತ್ತಿಯಾದ ಎವಲ್ಯೂಷನ್ ಜಪಾನಿನ ಆರ್ಕೇಡ್‌ಗಳ ನಿಜ ಆಟಗಾರರ ಶೈಲಿಯನ್ನು ಆಧರಿಸಿದ ಎದುರಾಳಿಗಳನ್ನು ತಂದಿತು. ಟೆಕ್ಕೆನ್ ಸರಣಿ ಬಹುಕಾಲದಿಂದ ಆಟಗಾರನ ಶೈಲಿಯನ್ನು ಅನುಕರಿಸುವ ‘ಘೋಸ್ಟ್’ಗಳನ್ನು ಬೆಳೆಸುತ್ತ ಬಂದಿದೆ, 2024ರ ಟೆಕ್ಕೆನ್ 8ರ ಸೂಪರ್ ಘೋಸ್ಟ್ ಬ್ಯಾಟಲ್‌ನಲ್ಲಿ ನಿಮ್ಮ ಘೋಸ್ಟ್ ನಿಮ್ಮೊಂದಿಗೇ ಆಡುತ್ತ ಕಲಿಯುತ್ತದೆ, ಬೇರೆಯವರ ಘೋಸ್ಟ್‌ಗಳನ್ನೂ ಡೌನ್‌ಲೋಡ್ ಮಾಡಿಕೊಂಡು ಎದುರಿಸಬಹುದು. 2013ರ ಕಿಲ್ಲರ್ ಇನ್‌ಸ್ಟಿಂಕ್ಟ್‌ಗೆ ಆಮೇಲೆ ಸೇರಿಸಿದ ‘ಶ್ಯಾಡೋ’ಗಳು ನೀವು ಇಲ್ಲದಾಗಲೂ ನಿಮ್ಮ ಪರವಾಗಿ ಬೇರೆಯವರೊಂದಿಗೆ ಸೆಣಸುತ್ತವೆ. ಸ್ಟ್ರೀಟ್ ಫೈಟರ್ 6ಕ್ಕೆ 2024ರಲ್ಲಿ ಬಂದ ವಿ-ರೈವಲ್ ಎದುರಾಳಿಗಳು ಆಟಗಾರರ ಪಂದ್ಯಗಳ ದತ್ತಾಂಶದಿಂದ ರೂಪುಗೊಂಡವು. ಸೂಪರ್ ಸ್ಮ್ಯಾಶ್ ಬ್ರದರ್ಸ್‌ನಲ್ಲಿ ಅಮೀಬೊ ಬೊಂಬೆಗಳಿವೆ: ಬೊಂಬೆಯೊಳಗಿನ ಚಿಪ್‌ನಲ್ಲಿಯೇ ಅದರ ಬೆಳವಣಿಗೆ ದಾಖಲಾಗುತ್ತದೆ, 50ನೇ ಹಂತದವರೆಗೆ ಬೆಳೆಯುತ್ತದೆ, 2018ರ ಅಲ್ಟಿಮೇಟ್‌ನಲ್ಲಿ ಕಲಿಕೆಯನ್ನು ನಿಲ್ಲಿಸಿಬಿಡುವ ಆಯ್ಕೆಯೂ ಇದೆ.

ಇವುಗಳ ಜಾಣತನದ ಬಗ್ಗೆ ಒಂದು ಮಾತು ಮನಸ್ಸಿನಲ್ಲಿರಲಿ. ಘೋಸ್ಟ್ ಜಾತಿಯ ಎದುರಾಳಿ ಕಲಿಯುವುದು ಅನುಕರಣೆಯಿಂದ. ‘ಇಂಥ ಪರಿಸ್ಥಿತಿಯಲ್ಲಿ ಈ ಮನುಷ್ಯ ಏನು ಮಾಡಿದ’ ಎಂಬುದನ್ನು ಅದು ದಾಖಲಿಸುತ್ತದೆ. ಮಾಡಿದ್ದು ಸರಿಯೇ ತಪ್ಪೇ ಎಂಬ ವಿಚಾರಣೆ ಅದರ ಕೆಲಸವಲ್ಲ. ಗಾಬರಿಯಾದಾಗ ನೀವು ಒತ್ತುವ ಬಟನ್ ಕೂಡ ಅದರ ಪಾಲಿಗೆ ಗುರುವಾಕ್ಯ.

ಆದ್ದರಿಂದ ಕಲಿಸುವ ಅವಧಿಯಲ್ಲಿ ಕಂಟ್ರೋಲರ್ ಕೆಳಗಿಟ್ಟು ಎದ್ದುಹೋಗಬೇಡಿ. ಪಂದ್ಯದ ನಡುವೆ ಸುಮ್ಮನೆ ನಿಂತ ಅರ್ಧ ನಿಮಿಷವೂ ದತ್ತಾಂಶವೇ. ನಿಮ್ಮ ಖಾತೆಯಲ್ಲಿ ತಮ್ಮನೋ ಗೆಳೆಯನೋ ಆಡಿದರೆ ಘೋಸ್ಟ್ ಇಬ್ಬರ ಸರಾಸರಿಯಾಗುತ್ತದೆ, ಸರಾಸರಿ ಆಟಗಾರ ಯಾರಿಗೂ ಬೇಡ. ದುರ್ಬಲ ಎದುರಾಳಿಗಳನ್ನು ಬಗ್ಗುಬಡಿದು ಕಲಿಸಿದರೆ ಅದಕ್ಕೆ ಬ್ಲಾಕ್ ಮಾಡುವುದೇ ಗೊತ್ತಿರುವುದಿಲ್ಲ, ಏಕೆಂದರೆ ನಿಮಗೆ ಬ್ಲಾಕ್ ಮಾಡುವ ಸಂದರ್ಭವೇ ಬಂದಿರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಖಾಲಿ ಜಾಗಗಳದ್ದು. ನೀವು ಎಂದೂ ಮೂಲೆಗೆ ಸಿಕ್ಕಿಬಿದ್ದಿಲ್ಲವಾದರೆ ಮೂಲೆಯಲ್ಲಿ ಏನು ಮಾಡಬೇಕೆಂದು ಘೋಸ್ಟ್‌ಗೆ ತಿಳಿಯದು. ಹತ್ತಿರದ ಇನ್ನಾವುದೋ ಸಂದರ್ಭದ ಉತ್ತರವನ್ನು ಎತ್ತಿಕೊಂಡು ಬರುತ್ತದೆ. ಹಾಗಾಗಿ ಬೇಕೆಂದೇ ಕೆಟ್ಟ ಪರಿಸ್ಥಿತಿಗಳನ್ನು ಸೃಷ್ಟಿಸಿಕೊಳ್ಳಿ: ಮೂಲೆ, ಕೊನೆಯ ಹತ್ತು ಸೆಕೆಂಡ್, ಪ್ರಾಣ ಗುಲಗಂಜಿಯಷ್ಟು ಉಳಿದಿರುವ ಸ್ಥಿತಿ. ಎದುರಾಳಿ ಪಾತ್ರಗಳನ್ನು ಬದಲಿಸುತ್ತಿರಿ. ಘೋಸ್ಟ್ ಸಾಕಷ್ಟು ನಿಮ್ಮಂತೆಯೇ ಆಡುತ್ತಿದೆ ಅನ್ನಿಸಿದಾಗ, ಕಲಿಕೆ ನಿಲ್ಲಿಸುವ ಆಯ್ಕೆ ಇದ್ದರೆ ನಿಲ್ಲಿಸಿ.

ನನ್ನ ಮಟ್ಟಿಗೆ ಹೇಳುವುದಾದರೆ ಘೋಸ್ಟ್‌ನ ನಿಜವಾದ ಉಪಯೋಗ ಎದುರಾಳಿಯಾಗಿ ಅಲ್ಲ, ಕನ್ನಡಿಯಾಗಿ. ನೀವು ಏಳುವಾಗ ಪ್ರತಿಸಲ ಒಂದೇ ಬಟನ್ ಒತ್ತುತ್ತೀರೆಂದು ಬೇರೆಯವರು ಹೇಳಿದರೆ ಒಪ್ಪುವುದಿಲ್ಲ. ನಿಮ್ಮ ಘೋಸ್ಟ್ ಅದನ್ನೇ ಮಾಡಿ ನಿಮ್ಮಿಂದ ಪೆಟ್ಟು ತಿನ್ನುವಾಗ ಒಪ್ಪದೆ ವಿಧಿಯಿಲ್ಲ.

ಹೆಜ್ಜೆ 7: ಚಿಕ್ಕದೊಂದನ್ನು ನೀವೇ ಕಟ್ಟಿ

ಕಲಿಯುವ ಎದುರಾಳಿಗೆ ದೊಡ್ಡ ನರಜಾಲ (ನ್ಯೂರಲ್ ನೆಟ್‌ವರ್ಕ್), ದುಬಾರಿ ಯಂತ್ರ ಬೇಕೇಬೇಕೆಂದಿಲ್ಲ. ಒಂದು ಎಣಿಕೆಯ ಕೋಷ್ಟಕ ಸಾಕು. ಪ್ರಯೋಗಕ್ಕೆ ಫೈಟಿಂಗ್‌ಐಸ್ ಎಂಬ ವೇದಿಕೆ ಚೆನ್ನಾಗಿದೆ. ಜಪಾನಿನ ರಿತ್ಸುಮೇಕಾನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆಂದು ರೂಪಿಸಿದ ಈ ಆಟದ ಮೇಲೆ 2013ರಿಂದ ಸ್ಪರ್ಧೆಗಳೂ ನಡೆದಿವೆ. ಅದರ ದೊಡ್ಡ ಗುಣ ಪ್ರಾಮಾಣಿಕತೆ: ನಿಮ್ಮ ಪ್ರೋಗ್ರಾಮ್‌ಗೆ ಆಟದ ಸ್ಥಿತಿ 15 ಫ್ರೇಮ್ ತಡವಾಗಿಯೇ ಸಿಗುತ್ತದೆ. ಇನ್‌ಪುಟ್ ಓದುವ ಅಡ್ಡದಾರಿ ಮುಚ್ಚಿರುವುದರಿಂದ ಊಹಿಸದೆ ಗತ್ಯಂತರವಿಲ್ಲ.

ಮೊದಲು ಆಟಗಾರನ ಕ್ರಿಯೆಗಳನ್ನು ಆರು ಗುಂಪು ಮಾಡಿ: ಹೊಡೆತ, ಕಾಲೊದೆತ, ಥ್ರೋ, ಹಾರುವುದು, ಬ್ಲಾಕ್, ದೂರದ ಅಸ್ತ್ರ. ಅಂತರವನ್ನು ಹತ್ತಿರ, ನಡು, ದೂರ ಎಂದು ಮೂರು ಮಾಡಿ. ಎದುರಾಳಿಯ ಸ್ಥಿತಿ ನಾಲ್ಕು: ನಿಂತಿದೆ, ಕುಳಿತಿದೆ, ಗಾಳಿಯಲ್ಲಿದೆ, ಬಿದ್ದಿದೆ. ಆಟಗಾರನ ಹಿಂದಿನ ಎರಡು ಕ್ರಿಯೆಗಳನ್ನು ನೋಡಿ ಮುಂದಿನದನ್ನು ಊಹಿಸಬೇಕೆಂದುಕೊಳ್ಳೋಣ. ಆಗ ಕೋಷ್ಟಕದ ಸಾಲುಗಳು 3 ಗುಣಿಸು 4 ಗುಣಿಸು 36 (ಎರಡು ಕ್ರಿಯೆಗಳಿಗೆ 6 ಗುಣಿಸು 6), ಅಂದರೆ 432.

ಸಮಸ್ಯೆ ಇಲ್ಲೇ ಇದೆ. ಅರವತ್ತು ಸೆಕೆಂಡ್‌ನ ರೌಂಡಿನಲ್ಲಿ 3600 ಫ್ರೇಮ್‌ಗಳಿದ್ದರೂ ಆಟಗಾರ ತೆಗೆದುಕೊಳ್ಳುವ ನಿರ್ಧಾರಗಳು ಬೆರಳೆಣಿಕೆಯವು. ಒಂದೂವರೆ ಸೆಕೆಂಡಿಗೊಂದು ಎಂದರೂ ರೌಂಡಿಗೆ 40. ನಾನೂರಕ್ಕೂ ಹೆಚ್ಚು ಸಾಲುಗಳಲ್ಲಿ 40 ಗೆರೆ ಎಳೆದರೆ ಬಹುಪಾಲು ಸಾಲುಗಳು ಖಾಲಿಯೇ. ಪಂದ್ಯ ನಡೆಯುತ್ತಿರುವಾಗಲೇ ಮನುಷ್ಯನಿಂದ ಕಲಿಯುವ ಯಾವ ಎದುರಾಳಿಯೂ ತಪ್ಪಿಸಿಕೊಳ್ಳಲಾಗದ ಬಡತನ ಇದು. ಪರಿಹಾರ ಸರಳ: ಹಿಂದಿನ ಒಂದೇ ಕ್ರಿಯೆಯನ್ನು ನೋಡುವ 72 ಸಾಲುಗಳ ಇನ್ನೊಂದು ಕೋಷ್ಟಕವನ್ನೂ ಜೊತೆಗೇ ತುಂಬುತ್ತ ಹೋಗಿ. ದೊಡ್ಡ ಕೋಷ್ಟಕದ ಸಾಲಿನಲ್ಲಿ ಐದಕ್ಕಿಂತ ಕಡಿಮೆ ದಾಖಲೆ ಇದ್ದರೆ ಚಿಕ್ಕದರ ಉತ್ತರವನ್ನು ಬಳಸಿ.

ಎರಡನೆಯದು ಮರೆವು. ಮನುಷ್ಯ ಹತ್ತು ನಿಮಿಷದ ಹಿಂದೆ ಆಡಿದಂತೆ ಈಗ ಆಡುವುದಿಲ್ಲ. ಒಂದು ಸಾಲಿಗೆ ಹೊಸ ದಾಖಲೆ ಸೇರಿಸುವಾಗಲೆಲ್ಲ ಆ ಸಾಲಿನ ಹಳೆಯ ಅಂಕಿಗಳನ್ನು 0.95ರಿಂದ ಗುಣಿಸಿ. ಸುಮಾರು 14 ದಾಖಲೆಗಳ ಹಿಂದಿನದಕ್ಕೆ ಅರ್ಧ ತೂಕ ಉಳಿಯುತ್ತದೆ. ಈ ಸಂಖ್ಯೆಯನ್ನು 0.8ಕ್ಕೆ ಇಳಿಸಿದರೆ ಎದುರಾಳಿ ಚಂಚಲವಾಗುತ್ತದೆ, 0.99ಕ್ಕೆ ಏರಿಸಿದರೆ ಹಟಮಾರಿಯಾಗುತ್ತದೆ. ಆಡುತ್ತ ಆಡುತ್ತ ಹದ ಹುಡುಕಬೇಕು.

ಮೂರನೆಯದು ಊಹೆಯಿಂದ ಉತ್ತರಕ್ಕೆ ಹೋಗುವುದು. ಅತಿ ಹೆಚ್ಚು ಸಾಧ್ಯತೆಯ ಕ್ರಿಯೆಗೆ ಉತ್ತರ ಕೊಟ್ಟರೆ ಮುಗಿಯಿತು ಎಂದುಕೊಳ್ಳುವುದು ಸಹಜ. ಅದು ತಪ್ಪು, ನಷ್ಟವನ್ನೂ ಲೆಕ್ಕ ಹಾಕಬೇಕು. ಆಟಗಾರ ಹತ್ತಿರ ಬಂದು ನಿಂತಿದ್ದಾನೆ. ಹೊಡೆಯಬಹುದು ಅಥವಾ ಥ್ರೋ ಮಾಡಬಹುದು. ನಮ್ಮ ಎದುರಾಳಿ ಬ್ಲಾಕ್ ಮಾಡಬಹುದು ಅಥವಾ ಥ್ರೋ ಬಿಡಿಸಿಕೊಳ್ಳಲು ಯತ್ನಿಸಬಹುದು. ಬ್ಲಾಕ್ ಮಾಡಿದಾಗ ಥ್ರೋ ಬಿದ್ದರೆ 20 ಅಂಶ ಪ್ರಾಣ ಹೋಗುತ್ತದೆ, ಥ್ರೋ ಬಿಡಿಸಿಕೊಳ್ಳಲು ಹೋದಾಗ ಹೊಡೆತ ಬಿದ್ದರೆ ಕಾಂಬೊ (ಬೆನ್ನುಬೆನ್ನಿಗೆ ಬೀಳುವ ಹೊಡೆತಗಳ ಸರಣಿ) ಸೇರಿ 40 ಹೋಗುತ್ತದೆ. ಸರಿಯಾಗಿ ಊಹಿಸಿದರೆ ನಷ್ಟವಿಲ್ಲ.

ಕೋಷ್ಟಕದ ಪ್ರಕಾರ ಆಟಗಾರ ನೂರಕ್ಕೆ 60 ಸಲ ಥ್ರೋ ಮಾಡುತ್ತಾನೆ ಎನ್ನೋಣ. ಬ್ಲಾಕ್ ಮಾಡಿದರೆ ಸರಾಸರಿ ನಷ್ಟ 12. ಥ್ರೋ ಬಿಡಿಸಿಕೊಳ್ಳಲು ಹೋದರೆ 16. ಥ್ರೋ ಬರುವ ಸಾಧ್ಯತೆಯೇ ಹೆಚ್ಚಿದ್ದರೂ ಬ್ಲಾಕ್ ಮಾಡುವುದೇ ಜಾಣತನ! ಆತ ನೂರಕ್ಕೆ 90 ಸಲ ಥ್ರೋ ಮಾಡುವವನಾದರೆ ಲೆಕ್ಕ ತಿರುಗುತ್ತದೆ: ಬ್ಲಾಕ್‌ಗೆ 18, ಬಿಡಿಸಿಕೊಳ್ಳಲು 4. ಇನ್ನು ಆತ ಮೂರರಲ್ಲಿ ಎರಡು ಸಲ ಥ್ರೋ, ಒಂದು ಸಲ ಹೊಡೆತ ಎಂಬ ಅನುಪಾತವನ್ನು ಯಾವ ಕ್ರಮವೂ ಇಲ್ಲದೆ ಕಾಯ್ದುಕೊಂಡರೆ ಎರಡೂ ಉತ್ತರಗಳಿಗೆ ನಷ್ಟ ಒಂದೇ, 13.3. ಅಂಥ ಆಟಗಾರನಿಂದ ಕಲಿಯಲು ಎದುರಾಳಿಗೆ ಏನೂ ಇಲ್ಲ. ಎಷ್ಟು ಕಾಲ ಗಮನಿಸಿದರೂ ಒಂದು ಅಂಶದ ಲಾಭವಿಲ್ಲ. ಕಲಿಯುವ ಎದುರಾಳಿ ಗೆಲ್ಲುವುದು ನಿಮ್ಮ ಅಸಮತೋಲನದ ಮೇಲೆ ಮಾತ್ರ. ಸಮಾಧಾನದ ಸಂಗತಿಯೆಂದರೆ, ಮನುಷ್ಯರಾದ ನಮಗೆ ಮನಸ್ಸಿನಲ್ಲೇ ದಾಳ ಉರುಳಿಸುವುದು ಬಲು ಕಷ್ಟ. ಎರಡು ಸಲ ಥ್ರೋ ಮಾಡಿದ ಮೇಲೆ ‘ಈ ಸಲ ಹೊಡೆಯೋಣ’ ಎನ್ನುವ ಚಪಲವೇ ಒಂದು ಕ್ರಮ, ಕೋಷ್ಟಕಕ್ಕೆ ಅಷ್ಟು ಸಾಕು.

ಈಗ ನಿಮ್ಮ ಸೃಷ್ಟಿಗೂ ನಾಲ್ಕನೆಯ ಹೆಜ್ಜೆಯ ಪರೀಕ್ಷೆ ಮಾಡಿ. ಅದು ಅಭ್ಯಾಸಕ್ಕೆ ಬಿದ್ದು, ಕೈಕೊಟ್ಟಾಗ ಪೆಟ್ಟು ತಿನ್ನಬೇಕು. ಮೊದಲ ಎರಡು ರೌಂಡ್ ಬೇಕೆಂದೇ ಥ್ರೋ ಮಾಡುತ್ತ ಹೋಗಿ ಕೊನೆಯ ರೌಂಡಿನಲ್ಲಿ ಹೊಡೆತಕ್ಕೆ ತಿರುಗುವ ಆಟಗಾರ ಇದನ್ನು ಸುಲಭವಾಗಿ ಮೋಸಗೊಳಿಸುತ್ತಾನೆ. ಇದನ್ನು ದೋಷವೆಂದು ತಿದ್ದಲು ಹೋಗಬೇಡಿ. ಎದುರಾಳಿಯನ್ನು ಒಂದಕ್ಕೆ ಒಗ್ಗಿಸಿ ಇನ್ನೊಂದರಿಂದ ಹೊಡೆಯುವುದು ಮನುಷ್ಯರ ನಡುವಿನ ಆಟದ ಜೀವಾಳ. ಕಲಿಯದ ಎದುರಾಳಿಯೊಂದಿಗೆ ಆ ಆಟ ಆಡಲು ಸಾಧ್ಯವೇ ಇಲ್ಲ. ಆದರೂ ಕೋಷ್ಟಕದ ಸಲಹೆಯನ್ನು ಪ್ರತಿಸಲ ಪಾಲಿಸದೆ, ಅರ್ಧದಷ್ಟು ಸಲ ಮಾತ್ರ ಪಾಲಿಸಿ ಉಳಿದಂತೆ ಸಾಮಾನ್ಯ ನಿಯಮಗಳಿಂದ ಆಡಿಸುವುದು ಕ್ಷೇಮ. ಇಲ್ಲದಿದ್ದರೆ ಎದುರಾಳಿ ಆಟಗಾರನ ಪ್ರತಿಯೊಂದು ಚಾಳಿಯನ್ನೂ ಕತ್ತು ಹಿಸುಕಿ ನಿಲ್ಲಿಸುತ್ತದೆ, ಆಡುವವನಿಗೆ ಬೇಸರ ಬರುತ್ತದೆ.

ದೊಡ್ಡ ವಿಧಾನಗಳ ಬಗ್ಗೆ

ಬಲವರ್ಧನೆಯ ಕಲಿಕೆ ಎಂಬ ವಿಧಾನದ ಹೆಸರು ಕೇಳಿರುತ್ತೀರಿ: ಗೆದ್ದರೆ ಬಹುಮಾನ, ಸೋತರೆ ದಂಡ, ಲಕ್ಷಗಟ್ಟಲೆ ಪಂದ್ಯ. 2004ರಲ್ಲೇ ಮೈಕ್ರೋಸಾಫ್ಟ್‌ನ ಸಂಶೋಧಕರು ಎಕ್ಸ್‌ಬಾಕ್ಸ್‌ನ ತಾವೊ ಫೆಂಗ್ ಎಂಬ ಆಟದಲ್ಲಿ ಇದನ್ನು ಪ್ರಯೋಗಿಸಿದ್ದರು. ಕೊರಿಯಾದ ಎನ್‌ಸಿಸಾಫ್ಟ್ ಸಂಸ್ಥೆ ಬ್ಲೇಡ್ ಆ್ಯಂಡ್ ಸೋಲ್ ಆಟಕ್ಕಾಗಿ ಕಟ್ಟಿದ ಎದುರಾಳಿಗಳು ವೃತ್ತಿಪರ ಆಟಗಾರರ ವಿರುದ್ಧ ನೂರಕ್ಕೆ 62 ಪಂದ್ಯ ಗೆದ್ದವು. ಆದರೆ ಇವು ನಿಮ್ಮಿಂದ ಕಲಿತವಲ್ಲ. ತಮ್ಮ ತಮ್ಮಲ್ಲೇ ಹೊಡೆದಾಡಿ ಪ್ರಯೋಗಾಲಯದಲ್ಲಿ ಕಲಿತು ಮುಗಿಸಿದವು. ನಿಮ್ಮೆದುರು ಬಂದು ನಿಲ್ಲುವಾಗ ಕಲಿಕೆ ನಿಂತಿರುತ್ತದೆ. ಹತ್ತಾರು ರೌಂಡುಗಳ ದತ್ತಾಂಶದಿಂದ ಅಂಥ ಜಾಲವೊಂದನ್ನು ತಿದ್ದುವುದು ಕಷ್ಟ, ತಿದ್ದಿದರೂ ಅದು ಯಾವ ಕಡೆಗೆ ವಾಲುತ್ತದೆಂದು ಹೇಳಲಾಗದು. ಆಟ ಬಿಡುಗಡೆ ಮಾಡುವವರಿಗೆ ಇದು ದೊಡ್ಡ ತಲೆನೋವು. ಪರೀಕ್ಷಾ ತಂಡ ಒಪ್ಪಿಗೆ ಕೊಟ್ಟ ಎದುರಾಳಿಯೇ ಬೇರೆ, ಒಂದು ತಿಂಗಳ ನಂತರ ಆಟಗಾರನ ಎದುರಿಗಿರುವ ಎದುರಾಳಿಯೇ ಬೇರೆ ಎಂದಾದರೆ ದೋಷ ವರದಿಯನ್ನು ಮರುಸೃಷ್ಟಿಸುವುದು ಹೇಗೆ? ಕಲಿಯುವ ಎದುರಾಳಿಗೆ ಪ್ರತ್ಯೇಕ ಮೋಡ್ ಮಾಡಿ, ಮುಖ್ಯ ಆಟದಲ್ಲಿ ಹಳೆಯ ನಿಯಮ ಮತ್ತು ದಾಳವನ್ನೇ ಉಳಿಸಿಕೊಳ್ಳುವುದು ಅವರಿಗೆ ಕಡಿಮೆ ಅಪಾಯದ ದಾರಿ.

ನೀವು ಕಟ್ಟುವ ಕೋಷ್ಟಕಕ್ಕೂ ಈ ಮಾತು ಅನ್ವಯಿಸುತ್ತದೆ. ಪ್ರತಿ ಖಾತೆಗೆ ಬೇರೆ ಕಡತ ಇಡಿ, ಪ್ರತಿ ಪಂದ್ಯದ ಆರಂಭದಲ್ಲಿ ಅದರ ಪ್ರತಿಯೊಂದನ್ನು ದಿನಾಂಕ ಹಾಕಿ ಉಳಿಸಿ, ದಾಳದ ಆರಂಭಿಕ ಸಂಖ್ಯೆಯನ್ನೂ (ಸೀಡ್; ಅದು ಒಂದೇ ಇದ್ದರೆ ದಾಳ ಅದೇ ಕ್ರಮದಲ್ಲಿ ಬೀಳುತ್ತದೆ) ಅದರಲ್ಲೇ ಬರೆದಿಡಿ. ವಿಚಿತ್ರ ವರ್ತನೆ ಕಂಡಾಗ ಆ ಪ್ರತಿಯನ್ನು ತೆರೆದು, ಆಟಗಾರ ಒತ್ತಿದ ಬಟನ್‌ಗಳನ್ನು ಮತ್ತೆ ಹರಿಸಿದರೆ ಅದೇ ಪಂದ್ಯ ಮರುಕಳಿಸಬೇಕು. ಮರುಕಳಿಸದಿದ್ದರೆ ಕೋಷ್ಟಕ ಪಂದ್ಯದ ನಡುವೆ ಎಲ್ಲೋ ನಿಮಗೆ ತಿಳಿಯದಂತೆ ತಿದ್ದಲ್ಪಡುತ್ತಿರಬಹುದು. ಮೊದಲು ಆ ಜಾಗವನ್ನು ಪತ್ತೆಹಚ್ಚಿ.